ಎಡ ಅಂಚಿಗೆ ಸರಿದಷ್ಟೂ ಅಪಾಯ ಹೆಚ್ಚು

ಪ್ರಶ್ನೆ: ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆಯಿಂದ ಮಾರತ್ತಹಳ್ಳಿಗೆ ದಿನಾ 110 ಸಿಸಿ ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗುತ್ತೇನೆ. ಎಷ್ಟೇ ಎಡಕ್ಕೆ ಸರಿದರೂ ಕಾರುಗಳು ಉಜ್ಜಿಕೊಂಡೇ ಹೋಗುತ್ತವೆ, ಮುಂದೆ ಹೋಗಿ ಥಟ್ಟನೆ ಎಡಕ್ಕೆ ತಿರುಗುತ್ತವೆ. ಹಿಂದೆ ಒಂದೇ ಸಮನೆ ಹಾರ್ನ್. ಒಮ್ಮೊಮ್ಮೆ ಬೆನ್ನಟ್ಟಿ ಕೇಳಿಬಿಡೋಣ ಅನಿಸುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಆ ಅಂಚು ಬಿಡಿ. ನೀವು ರಸ್ತೆಯ ಎಡ ತುದಿಗೆ ಅಂಟಿಕೊಂಡರೆ ಅದೇ ಲೇನಿನಲ್ಲಿ ಕಾರೊಂದು ತೂರುವಷ್ಟು ಜಾಗ ಇದ್ದಂತೆ ಕಾಣುತ್ತದೆ, ಚಾಲಕ ನುಗ್ಗಿಸುತ್ತಾನೆ. ಆಗ ನಿಮಗೆ ಸರಿಯಲು ಉಳಿಯುವುದು ಮರಳು, ಚರಂಡಿ ಜಾಲರಿ ಮತ್ತು ಡಾಂಬರು ಮುಗಿಯುವಲ್ಲಿನ ತಗ್ಗು. 10 ಅಥವಾ 12 ಇಂಚಿನ ಸ್ಕೂಟರ್ ಚಕ್ರಕ್ಕೆ ಇವು ಮೂರೂ ಕೆಟ್ಟವು. ಎಡ ಲೇನಿನಲ್ಲೇ ಇರಿ, ಆದರೆ ಕಾರುಗಳ ಎಡ ಚಕ್ರ ಓಡುವ ಗೆರೆಯ ಮೇಲೆ ಓಡಿಸಿ. ಬ್ಯಾರಿಕೇಡ್‌ನಿಂದ ಲೇನ್ ಕಿರಿದಾದ ಕಡೆ ನಡುವಿಗೇ ಬನ್ನಿ, ಅಗಲವಾದ ಕೂಡಲೇ ದಾರಿ ಬಿಡಿ. ನಿಲ್ಲಿಸಿದ ಕಾರುಗಳ ಪಕ್ಕ ಸುಮಾರು ಒಂದೂವರೆ ಮೀಟರ್ ಅಂತರ ಬೇಕು. ಬಾಗಿಲು ಪೂರ್ತಿ ತೆರೆದರೂ ಹ್ಯಾಂಡಲ್‌ಗೆ ತಾಗಬಾರದು.

ಥಟ್ಟನೆ ಎಡಕ್ಕೆ ತಿರುಗುವವರ ವಿಷಯದಲ್ಲಿ ಇಂಡಿಕೇಟರ್ ನಂಬಿ ಕೂರಬೇಡಿ, ಕಾರಿನ ಮುಂದಿನ ಚಕ್ರ ನೋಡಿ. ಕಾರು ಪೂರ್ತಿ ಹೊರಳುವ ಮೊದಲು ಚಕ್ರ ಹೊರಳಿರುತ್ತದೆ. ಸರ್ವಿಸ್ ರಸ್ತೆಯ ಬಾಯಿ, ಪೆಟ್ರೋಲ್ ಬಂಕ್, ಟೆಕ್ ಪಾರ್ಕ್ ಗೇಟು ಹತ್ತಿರವಾದಾಗ ಕಾರಿನ ಹಿಂಬಾಗಿಲ ಪಕ್ಕದಲ್ಲಿ ಇರಲೇಬೇಡಿ. ಅದು ಕನ್ನಡಿಗೆ ಸಿಗದ ಜಾಗ. ವೇಗ ತಗ್ಗಿಸಿ ಪೂರ್ತಿ ಹಿಂದಕ್ಕೆ ಬನ್ನಿ. ಬಸ್ಸಿನ ಎಡಕ್ಕಂತೂ ಯಾವ ಕಾರಣಕ್ಕೂ ನುಸುಳಬಾರದು. ತಿರುವಿನಲ್ಲಿ ಬಸ್ಸಿನ ಹಿಂಚಕ್ರ ಮುಂಚಕ್ರದ ಜಾಡು ಹಿಡಿಯುವುದಿಲ್ಲ, ಅದಕ್ಕಿಂತ ಒಳಗೆ ಕೊಯ್ದುಕೊಂಡು ಬರುತ್ತದೆ. ಪಕ್ಕದಲ್ಲಿದ್ದ ಸವಾರ ಬಸ್ಸಿಗೂ ಫುಟ್‌ಪಾತಿಗೂ ನಡುವೆ ಸಿಕ್ಕಿಬೀಳುವುದು ಹೀಗೆ.

ಗಂಟೆಗೆ 40 ಕಿ.ಮೀ. ವೇಗದಲ್ಲಿ ನೀವು ಸೆಕೆಂಡಿಗೆ 11 ಮೀಟರ್ ಸಾಗುತ್ತೀರಿ. ಅಡ್ಡಿ ಕಂಡು, ಬ್ರೇಕ್ ಲಿವರ್ ಒತ್ತುವಷ್ಟರಲ್ಲಿ ಒಂದು ಸೆಕೆಂಡ್ ಹೋಯಿತು. ಒಣ ರಸ್ತೆಯಲ್ಲೂ ಅಲ್ಲಿಂದ ನಿಲ್ಲಲು ಇನ್ನೊಂದು ಹನ್ನೆರಡು ಮೀಟರ್ ಬೇಕಾಗುತ್ತದೆ. ಆದ್ದರಿಂದ ಮುಂದಿನ ವಾಹನದಿಂದ ಕನಿಷ್ಠ ಎರಡು ಸೆಕೆಂಡ್ ಅಂತರ, ಮಳೆಯಲ್ಲಿ ನಾಲ್ಕು. ಆ ಜಾಗಕ್ಕೆ ಇನ್ನೊಬ್ಬ ನುಗ್ಗುತ್ತಾನೆ, ನಿಜ. ಮತ್ತೆ ಹಿಂದೆ ಸರಿಯಿರಿ. ನಷ್ಟವಾಗುವುದು ಕೆಲವೇ ಸೆಕೆಂಡು.

ಬ್ರೇಕಿನ ಬಗ್ಗೆ ಒಂದು ಮಾತು ಹೇಳಲೇಬೇಕು. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಸ್ಕೂಟರುಗಳಲ್ಲಿ ಸಿಬಿಎಸ್ (ಎರಡೂ ಚಕ್ರಕ್ಕೆ ಒಟ್ಟಿಗೆ ಹಿಡಿಯುವ ಬ್ರೇಕ್) ಅಥವಾ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಯಿತು. ಸಿಬಿಎಸ್ ಇದ್ದರೆ ಎಡ ಲಿವರ್ ಒತ್ತಿದಾಗ ಹಿಂದಿನ ಬ್ರೇಕಿನ ಜೊತೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಅಷ್ಟೇ ಸಾಕೆಂದು ಬಲ ಲಿವರ್ ಮುಟ್ಟದೆ ಓಡಿಸುವವರು ಬಹಳ. ಥಟ್ಟನೆ ನಿಲ್ಲಲು ಅದು ಸಾಲದು. ಹ್ಯಾಂಡಲ್ ನೇರವಿಟ್ಟು ಎರಡನ್ನೂ ಒಟ್ಟಿಗೆ, ಒತ್ತಡ ಏರಿಸುತ್ತಾ ಹಿಡಿಯಿರಿ. ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿ.

ಹಿಂದೆ ಅಂಟಿಕೊಂಡು ಬರುವವನಿಗೆ ಬ್ರೇಕ್ ದೀಪವೇ ನಿಮ್ಮ ಮಾತು. ಲಿವರನ್ನು ಎರಡು ಮೂರು ಸಲ ಮೆಲ್ಲಗೆ ತಟ್ಟಿ, ಆಮೇಲೆ ನಿಧಾನಿಸಿ. ಎರಡೂ ಲಿವರ್‌ಗೆ ದೀಪ ಉರಿಯುತ್ತದೆಯೇ ಎಂದು ರಾತ್ರಿ ಗೋಡೆಗೆ ಬೆನ್ನುಮಾಡಿ ನಿಲ್ಲಿಸಿ ನೋಡಿಕೊಳ್ಳಿ. ಅವನಿಗೆ ಪಾಠ ಕಲಿಸಲೆಂದು ಗಕ್ಕನೆ ಬ್ರೇಕ್ ಹಾಕಬೇಡಿ, ಗುದ್ದಿದರೆ ಬೀಳುವವರು ನೀವು. ಹಾರ್ನ್‌ಗೆ ಬೆದರಿ ವೇಗ ಏರಿಸುವುದೂ ಬೇಡ.

ಬೆನ್ನಟ್ಟುವ ಯೋಚನೆ ಪೂರ್ತಿ ಬಿಡಿ. ಕಾರಿನ ಮೇಲೆ ಕಣ್ಣು ನೆಟ್ಟವನಿಗೆ ಗುಂಡಿ ಕಾಣುವುದಿಲ್ಲ, ಸಿಗ್ನಲ್ಲಿನಲ್ಲಿ ಕಾರಿನಿಂದ ಇಳಿಯುವವರು ಎಷ್ಟು ಜನವೋ ಗೊತ್ತಿರುವುದಿಲ್ಲ. ಅಪಾಯಕಾರಿ ಚಾಲನೆ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಪ್ರಕಾರ ಅಪರಾಧ. ನಂಬರ್ ಪ್ಲೇಟಿನ ಕೊನೆಯ ನಾಲ್ಕು ಅಂಕಿಯನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಹೋಗಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಪೂರ್ತಿ ನಂಬರ್, ಬಣ್ಣ, ಜಾಗ, ಸಮಯ ಬರೆದುಕೊಳ್ಳಿ. ಹಿಂದೆ ಕೂತವರು ಫೋಟೊ ತೆಗೆದಿದ್ದರೆ ಬೆಂಗಳೂರು ಸಂಚಾರ ಪೊಲೀಸರ ಅಸ್ತ್ರಂ ಆ್ಯಪಿನಲ್ಲಿ ದೂರು ಕೊಡಬಹುದು. ಯಾರಾದರೂ ಅಡ್ಡಗಟ್ಟಿದರೆ ಅಥವಾ ಬೆದರಿಸಿದರೆ ವಾದಕ್ಕೆ ನಿಲ್ಲದೆ ಜನ ಇರುವ ಪೆಟ್ರೋಲ್ ಬಂಕಿನೊಳಗೆ ಸ್ಕೂಟರ್ ತಿರುಗಿಸಿ, 112ಕ್ಕೆ ಕರೆ ಮಾಡಿ.