ನಿಮ್ಮ ಲೇಖನ ಮೂರನೇ ಪುಟದಿಂದ ಶುರುವಾಗಲಿ

ನಮಸ್ಕಾರ,

ಚೀನಾ ಮತ್ತು ಜಾಗತೀಕರಣದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಇದನ್ನು ಕೈಬಿಡಬೇಡಿ.

ಮೊದಲ ಎರಡು ಪುಟದ ತುಂಬಾ ‘ಡ್ರ್ಯಾಗನ್ ಎದ್ದಿದೆ’, ‘ಜಗತ್ತು ನಡುಗುತ್ತಿದೆ’ ಎಂಬಂಥ ಮಾತುಗಳೇ. ತೆಗೆದುಬಿಡಿ. ಮೂರನೇ ಪುಟದಲ್ಲಿ, 2001ರ ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆ (ಡಬ್ಲ್ಯುಟಿಒ) ಸೇರಿತು ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು. ಬೇರೆಯವರು ಬರೆದ ನಿಯಮಕ್ಕೆ ಸಹಿ ಹಾಕಿ ಒಳಗೆ ಬರಲು ಆ ದೇಶ 1986ರಿಂದ ಕಾದಿತ್ತು. ಈಗ ಅದೇ ದೇಶ ನಿಯಮ ಬರೆಯುವ ಜಾಗದಲ್ಲಿ ಕೂರಲು ನೋಡುತ್ತಿದೆ. ಓದುಗರಿಗೆ ಬೇಕಿರುವ ಕಥೆ ಇದೇ ಅಲ್ವಾ?

‘ಚೀನಾ ಹಳೆಯ ವ್ಯವಸ್ಥೆಯನ್ನು ಒಡೆಯುತ್ತಿದೆ’ ಎಂಬ ನಿಮ್ಮ ಮುಖ್ಯ ವಾದವನ್ನು ನಾನು ಒಪ್ಪುವುದಿಲ್ಲ. ಅಂತರರಾಷ್ಟ್ರೀಯ ಹಣಕಾಸು ನಿಧಿ ಐಎಂಎಫ್‌ನಲ್ಲಿ ಚೀನಾದಂಥ ದೇಶಗಳ ಪಾಲು ಹೆಚ್ಚಿಸಲು 2010ರಲ್ಲೇ ಒಪ್ಪಂದವಾಗಿತ್ತು. ಅಮೆರಿಕದ ಕಾಂಗ್ರೆಸ್ ಅದಕ್ಕೆ ಒಪ್ಪಿದ್ದು 2015ರ ಕೊನೆಗೆ. ಅಷ್ಟರಲ್ಲಿ ಬೀಜಿಂಗ್‌ನಲ್ಲಿ ಏಷ್ಯಾ ಮೂಲಸೌಕರ್ಯ ಹೂಡಿಕೆ ಬ್ಯಾಂಕ್ ತಯಾರಾಗಿತ್ತು. ಅಮೆರಿಕಕ್ಕೆ ಇಷ್ಟವಿಲ್ಲದಿದ್ದರೂ ಬ್ರಿಟನ್, ಜರ್ಮನಿ ಸೇರಿಕೊಂಡವು. ಹಳೆಯ ಮನೆಯಲ್ಲಿ ಕೋಣೆ ಸಿಗದವರು ಪಕ್ಕದಲ್ಲೇ ಮನೆ ಕಟ್ಟಿದರು, ಹಳೆಯದನ್ನೂ ಬಿಡಲಿಲ್ಲ. ಇನ್ನೊಂದು ಕಡೆ, 2019ರ ಡಿಸೆಂಬರ್‌ನಲ್ಲಿ ದೇಶಗಳ ವ್ಯಾಪಾರ ವ್ಯಾಜ್ಯಗಳಿಗೆ ಅಂತಿಮ ತೀರ್ಪು ಕೊಡುವ ಡಬ್ಲ್ಯುಟಿಒದ ಮೇಲ್ಮನವಿ ಮಂಡಳಿ ಕೆಲಸ ನಿಲ್ಲಿಸಿತು. ಹೊಸ ಸದಸ್ಯರ ನೇಮಕ ತಡೆದದ್ದು ಅಮೆರಿಕ. ಇದರ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ.

ಹಂಬನ್‌ತೋಟ ಬಂದರಿನ ಭಾಗವನ್ನು ಹೊಸದಾಗಿ ಬರೆಯಿರಿ. ‘ಸಾಲ ತೀರಿಸಲಾಗದೆ ಶ್ರೀಲಂಕಾ ಬಂದರನ್ನೇ ಚೀನಾಕ್ಕೆ ಬರೆದುಕೊಟ್ಟಿತು’ ಎನ್ನುವುದು ಎಲ್ಲರೂ ಹೇಳುವ ಮಾತು, ಆದರೆ ಸರಿಯಲ್ಲ. 2017ರಲ್ಲಿ ಚೀನಾದ ಕಂಪನಿಯೊಂದು 99 ವರ್ಷದ ಗುತ್ತಿಗೆಗೆ ಸುಮಾರು 112 ಕೋಟಿ ಡಾಲರ್ ಕೊಟ್ಟಿತು. ಆ ಹಣ ಶ್ರೀಲಂಕಾದ ವಿದೇಶಿ ವಿನಿಮಯ ಮೀಸಲಿಗೆ ಹೋಯಿತು. ಬಂದರಿನ ಸಾಲ ಹಾಗೇ ಉಳಿಯಿತು! ನನಗೆ ಇದು ‘ಸಾಲದ ಬಲೆ’ ಕಥೆಗಿಂತ ಜಾಸ್ತಿ ಕಳವಳ ಹುಟ್ಟಿಸುತ್ತದೆ.

ಹಾಗಂತ ಚೀನಾದ ವಕೀಲರಾಗಬೇಡಿ. 2023ರಲ್ಲಿ ಅದು ಚಿಪ್ ತಯಾರಿಕೆಗೆ ಬೇಕಾದ ಗ್ಯಾಲಿಯಂ, ಜರ್ಮೇನಿಯಂ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಮುಕ್ತ ವ್ಯಾಪಾರದಿಂದ ಬೆಳೆದ ದೇಶ ಅದೇ ವ್ಯಾಪಾರವನ್ನು ಹತೋಟಿಯ ಸಾಧನ ಮಾಡಿಕೊಂಡಿದೆ. ಇದನ್ನೂ ಅಷ್ಟೇ ನೇರವಾಗಿ ಬರೆಯಿರಿ.

ಕೊನೆಯ ‘ಭಾರತ ಎಚ್ಚೆತ್ತುಕೊಳ್ಳಲಿ’ ಪ್ಯಾರಾ ಬೇಡ. ಬೀಜಿಂಗ್‌ನ ಆ ಬ್ಯಾಂಕಿನಲ್ಲಿ ಭಾರತ ಎರಡನೇ ದೊಡ್ಡ ಪಾಲುದಾರ. ಆದರೆ ಚೀನಾ ಇರುವ ಆರ್‌ಸಿಇಪಿ ವ್ಯಾಪಾರ ಒಪ್ಪಂದದ ಮಾತುಕತೆಯಿಂದ 2019ರ ನವೆಂಬರ್‌ನಲ್ಲಿ ಹೊರಬಂತು. ಒಂದು ಕಡೆ ಸೇರಿ ಇನ್ನೊಂದು ಕಡೆ ಯಾಕೆ ದೂರ ಉಳಿಯಿತು? ಆ ಪ್ಯಾರಾದ ಜಾಗದಲ್ಲಿ ಇದಕ್ಕೆ ಉತ್ತರ ಹುಡುಕಿ. ಬರೆದದ್ದನ್ನು ನನಗೇ ಕಳಿಸಿ, ಕಾಯುತ್ತಿರುತ್ತೇನೆ.

ಸಂಪಾದಕ