ನಾಮಕರಣದ ದಿನ ನಾಯಿ ಮನೆಯಲ್ಲೇ ಇರಲಿ

ಮಗುವಿನ ನಾಮಕರಣಕ್ಕೆ ಮನೆ ತುಂಬಾ ನೆಂಟರು, ಲ್ಯಾಬ್ರಡಾರನ್ನು ಬೋರ್ಡಿಂಗಿಗೆ ಬಿಡಲಾ ಅಂತ ಕೇಳಿದ್ದೀರಿ. ಬೇಡ ಮೇಡಂ, ಗುರುತಿಲ್ಲದ ಜಾಗಕ್ಕಿಂತ ನಿಮ್ಮ ಹಿಂದಿನ ರೂಮೇ ವಾಸಿ. ಬೆಳಗ್ಗೆ ಪುರೋಹಿತರು ಬರೋ ಮುಂಚೆ ಚೆನ್ನಾಗಿ ಸುತ್ತಾಡಿಸಿ, ಅದರ ಹಾಸಿಗೆ, ನೀರು ಇಟ್ಟು, ಫ್ಯಾನ್ ಹಾಕಿ, 'ಬಾಗಿಲು ತೆಗೀಬೇಡಿ' ಅಂತ ಚೀಟಿ ಅಂಟಿಸಿ. ಮಕ್ಕಳು ಹೇಗೂ ತೆಗೀತಾರೆ, ಚಿಲಕನೂ ಹಾಕಿ.

ನನಗೆ ಭಯ ಇರೋದು ಊಟದ ಎಲೆಗಳದ್ದು. ಪಾಯಸದ ಒಣದ್ರಾಕ್ಷಿ ನಾಯಿಯ ಕಿಡ್ನಿಯನ್ನೇ ಹಾಳು ಮಾಡಬಹುದು, ಎಷ್ಟು ತಿಂದರೆ ಅಪಾಯ ಅನ್ನೋದು ಒಂದೊಂದು ನಾಯಿಗೆ ಒಂದೊಂದು ಥರ. ಕಿಡ್ನಿ ಹಾಳಾಗೋಕೆ ದ್ರಾಕ್ಷಿಯಲ್ಲಿರೋ ಟಾರ್ಟಾರಿಕ್ ಆಮ್ಲ ಅನ್ನೋ ಹುಳಿ ಅಂಶ ಕಾರಣ ಇರಬೇಕು ಅಂತ 2021ರಲ್ಲಿ ಅಮೆರಿಕದ ಪಶುವೈದ್ಯರು ಹೇಳಿದರು, ನಮ್ಮ ಹುಣಸೆಹಣ್ಣಲ್ಲಿ ಅದು ಇನ್ನೂ ಜಾಸ್ತಿ. ಹಾಗಾಗಿ ಪುಳಿಯೋಗರೆ, ಸಾರನ್ನ ಎರಡೂ ಬೇಡ. ಈರುಳ್ಳಿ ಹಾಕಿದ್ದೂ ಬೇಡ. 'ಪಾಪ, ಒಂದು ತುತ್ತು ಹಾಕಿದ್ರೆ ಏನಾಗುತ್ತೆ' ಅನ್ನೋ ಅಜ್ಜಿ ಎಲ್ಲರ ಮನೆಯಲ್ಲೂ ಇರ್ತಾರೆ, ಅಲ್ವಾ? ಅವರ ಕೈಗೇ ಒಂದು ಬಟ್ಟಲು ಉಪ್ಪಿಲ್ಲದ ಮೊಸರನ್ನ ಕೊಟ್ಟುಬಿಡಿ, ಇಬ್ಬರಿಗೂ ಸಮಾಧಾನ.

ಎಂಜಲೆಲೆ ಕವರನ್ನು ಗೇಟಿನ ಹೊರಗಿಡಿ. ದ್ರಾಕ್ಷಿ ತಿಂದಿದ್ದು ಗೊತ್ತಾದರೆ ವಾಂತಿ ಆಗಲಿ ಅಂತ ಸುಮ್ನೆ ಕಾಯಬೇಡಿ, ತಕ್ಷಣ ಡಾಕ್ಟರಿಗೆ ಫೋನ್ ಮಾಡಿ.