ಬೆನ್ನು ಚರ್ಚಿಗೆ, ಕಾಲು ತಾಳಕ್ಕೆ

ಶಿವಮೊಗ್ಗದಿಂದ ಪತ್ರ ಬರೆದ ಓದುಗರಿಗೆ ನಮಸ್ಕಾರ. ಕಳೆದ ಸಂಚಿಕೆಯಲ್ಲಿ ನೆದರ್ಲೆಂಡ್ಸ್ ನಾಡಿನ 16ನೇ ಶತಮಾನದ ಚಿತ್ರಕಾರ ಪೀಟರ್ ಬ್ರೂಗಲ್‌ನ ‘ರೈತರ ಕುಣಿತ’ ಚಿತ್ರದ ಕೆಳಗೆ ‘ಹಳ್ಳಿಯ ಸಂಭ್ರಮ’ ಎಂದು ಹಾಕಿದ್ದೆವು. ಇದು ಸಂಭ್ರಮವಲ್ಲ, ಕುಡಿದು ಕುಣಿಯುವ ರೈತರನ್ನು ಪಟ್ಟಣದ ಚಿತ್ರಕಾರ ಆಡಿಕೊಂಡಿದ್ದು, ಎಲ್ಲರೂ ಚರ್ಚಿಗೆ ಬೆನ್ನು ಹಾಕಿರುವುದೇ ಸಾಕ್ಷಿ ಅಲ್ವಾ ಎಂದು ಕೇಳಿದ್ದೀರಿ.

ಹಾಗೆ ಓದಿದ ಕಲಾ ಇತಿಹಾಸಕಾರರು ಬೇಕಾದಷ್ಟಿದ್ದಾರೆ. ಜಾತ್ರೆಯ ದಿನ, ಆದರೂ ಚರ್ಚು ಹಿಂದೆಲ್ಲೋ ಸಣ್ಣಗೆ ನಿಂತಿದೆ. ಬಲಗಡೆ ಮರಕ್ಕೆ ಮೇರಿಯ ಪಟ ಹಾಕಿದ್ದಾರೆ, ಅದನ್ನೂ ಯಾರೂ ನೋಡುತ್ತಿಲ್ಲ. ಎಡಗಡೆ ಮೇಜಿನ ಹತ್ತಿರ ಮಾತಿಗೆ ಮಾತು ಬೆಳೆದಂತಿದೆ, ಅದರ ಹಿಂದೆ ಒಂದು ಜೋಡಿ ಮುತ್ತಿಡುತ್ತಿದೆ, ಬ್ಯಾಗ್‌ಪೈಪ್ ಊದುವವನ ಪಕ್ಕದ ಹುಡುಗನ ಟೊಪ್ಪಿಯಲ್ಲಿ ಜಂಬದ ಗುರುತಾದ ನವಿಲುಗರಿ. ಪಾಪಗಳ ಪಟ್ಟಿ ಸುಲಭವಾಗಿ ಸಿಗುತ್ತದೆ.

ಈಗ ಬಲಗಡೆಯಿಂದ ನುಗ್ಗಿ ಬರುವ ಜೋಡಿಯನ್ನು ನೋಡಿ. ಗಂಡಸಿಗೆ ವಯಸ್ಸಾಗಿದೆ, ಮುಖ ಒರಟು, ಟೊಪ್ಪಿಗೆ ಚಮಚ ಸಿಕ್ಕಿಸಿಕೊಂಡಿದ್ದಾನೆ. ಹೆಂಗಸಿನ ಕೈ ಹಿಡಿದು ಎಳೆದುಕೊಂಡೇ ಬರುತ್ತಿದ್ದಾನೆ, ತಡವಾದರೆ ಹಾಡು ಮುಗಿದೇ ಹೋಗುತ್ತದೆ ಎನ್ನುವ ಹಾಗೆ. ನಗು ಇಲ್ಲ. ಪೂರ್ತಿ ಗಮನ ಕುಣಿತದ ಮೇಲೆ. ಭಾರವಾದ ಮೈ, ದಪ್ಪ ಬೂಟು, ಮುಂದಕ್ಕೆ ಬಾಗಿದ ಓಟ, ಇದನ್ನೆಲ್ಲ ಇಷ್ಟು ನಿಖರವಾಗಿ ಬಿಡಿಸಬೇಕಾದರೆ ಕುಣಿಯುವವರ ಕಾಲನ್ನು ತುಂಬಾ ಹೊತ್ತು, ಮನಸ್ಸಿಟ್ಟು ನೋಡಿರಬೇಕು. ಬರೀ ಆಡಿಕೊಳ್ಳುವವನಿಗೆ ಅಷ್ಟು ತಾಳ್ಮೆ ಇರುವುದಿಲ್ಲ ಎಂದೇ ನನ್ನ ನಂಬಿಕೆ. ಚಿತ್ರ 164 ಸೆಂಟಿಮೀಟರ್ ಅಗಲವಿದೆ, ಮುಂದಿರುವ ಜನರನ್ನು ದೊಡ್ಡದಾಗಿ, ನಮ್ಮ ಎದುರಿಗೇ ನಿಂತ ಹಾಗೆ ಬರೆದಿದ್ದಾನೆ. ಮೇಲಿನಿಂದ ಇಣುಕಿ ನೋಡುವ ಜಾಗವನ್ನು ಅವನು ನಮಗೆ ಕೊಟ್ಟೇ ಇಲ್ಲ.

ಬ್ರೂಗಲ್ ರೈತರ ಬಟ್ಟೆ ಹಾಕಿಕೊಂಡು ಗೆಳೆಯನ ಜೊತೆ ಹಳ್ಳಿ ಮದುವೆಗಳಿಗೆ ಹೋಗುತ್ತಿದ್ದ ಎಂದು ಚಿತ್ರಕಾರರ ಜೀವನಕಥೆಗಳನ್ನು ಬರೆದ ಕಾರೆಲ್ ಫಾನ್ ಮಾಂಡರ್ 1604ರಲ್ಲಿ ಹೇಳಿದ. ಚಿತ್ರಕಾರ ಸತ್ತು 35 ವರ್ಷವಾದ ಮೇಲಿನ ಮಾತು, ಅದರ ಮೇಲೆ ಜಾಸ್ತಿ ಭಾರ ಹಾಕುವುದು ಬೇಡ.

ಚರ್ಚಿನ ವಿಷಯ ಮಾತ್ರ ಗಟ್ಟಿ. ಈ ಚಿತ್ರ ಸುಮಾರು 1568ರದು. 1566ರಲ್ಲಿ ಅವನ ನಾಡಿನಲ್ಲೇ ಜನ ಚರ್ಚುಗಳಿಗೆ ನುಗ್ಗಿ ಮೂರ್ತಿಗಳನ್ನು ಒಡೆದಿದ್ದರು, ಅದನ್ನು ಹತ್ತಿಕ್ಕಲು ಮರುವರ್ಷ ಸ್ಪೇನಿನ ಸೇನಾಪತಿ ಆಲ್ಬಾ ಸೈನ್ಯ ತಂದು ಬ್ರಸೆಲ್ಸ್‌ನಲ್ಲಿ ಕೂತ. ಅಂಥ ಹೊತ್ತಲ್ಲಿ ಚರ್ಚನ್ನೂ ಮೇರಿಯ ಪಟವನ್ನೂ ಯಾರೂ ಸುಮ್ನೆ ಬರೆಯುವುದಿಲ್ಲ. ಎಚ್ಚರಿಕೆ ಇದೆ, ಒಪ್ಪುತ್ತೇನೆ. ಆದರೆ ಅದನ್ನು ಅಂಚಿಗೆ ಇಟ್ಟು, ನಡುವಿನ ನೆಲವನ್ನು ಅವನು ಕುಣಿಯುವವರಿಗೆ ಬಿಟ್ಟಿದ್ದಾನೆ.

ಎಡಗಡೆ ಇಬ್ಬರು ಪುಟ್ಟ ಹುಡುಗಿಯರಿದ್ದಾರೆ. ದೊಡ್ಡವಳು ಚಿಕ್ಕವಳ ಕೈ ಹಿಡಿದು ಹೆಜ್ಜೆ ಹಾಕಿಸುತ್ತಿದ್ದಾಳೆ. ಇವರನ್ನು ಯಾವ ಪಾಪದ ಪಟ್ಟಿಗೆ ಸೇರಿಸುತ್ತೀರಿ ಎಂದು ನಿಮ್ಮಿಂದಲೇ ಕೇಳಬೇಕು ಅನಿಸಿದೆ, ದಯವಿಟ್ಟು ಬರೆಯಿರಿ. ‘ಹಳ್ಳಿಯ ಸಂಭ್ರಮ’ ಎಂಬ ಸಾಲನ್ನು ನಾವು ಬದಲಿಸುತ್ತಿಲ್ಲ.

— ಸಂ.